ಕೆಡೆಟ್ ಕೈಗೆ ರೈಫಲ್ ಬಂದ ಮೇಲೆ

ಪ್ರೌಢಶಾಲೆಯಲ್ಲಿ ಎನ್‌ಸಿಸಿ ಸೇರುವ ಮಕ್ಕಳನ್ನು ಏಕೆ ಸೇರಿದಿರಿ ಎಂದು ಕೇಳಿದರೆ ಶಿಸ್ತು, ದೇಶಸೇವೆ ಎಂಬ ಉತ್ತರ ಮೊದಲು ಬರುತ್ತದೆ. ಸ್ವಲ್ಪ ಸಲಿಗೆಯಿಂದ ಮಾತಾಡಿಸಿದರೆ ನಿಜವಾದ ಆಸೆ ಹೊರಬೀಳುತ್ತದೆ: ಕ್ಯಾಂಪಿನಲ್ಲಿ ಫೈರಿಂಗ್ ಇರುತ್ತದಂತೆ. ಹತ್ತು ದಿನದ ವಾರ್ಷಿಕ ಶಿಬಿರದಲ್ಲಿ ಒಂದು ಬೆಳಗ್ಗೆ ಸಾಲಾಗಿ ಮಲಗಿ, .22 ರೈಫಲ್‌ನಿಂದ ಬೆರಳೆಣಿಕೆಯ ಗುಂಡು ಹೊಡೆದು, ಗುರಿಹಾಳೆಯ ಮೇಲೆ ತಮ್ಮ ತೂತುಗಳನ್ನು ಎಣಿಸಿ ಬರುತ್ತಾರೆ. ಊರಿಗೆ ಮರಳಿದ ಮೇಲೆ ವಾರಗಟ್ಟಲೆ ಅದೇ ಮಾತು. ಆದರೆ ಬಹುಪಾಲು ಮಕ್ಕಳ ಪಾಲಿಗೆ ಆ ಕಥೆ ಅಲ್ಲಿಗೇ ಮುಗಿಯುತ್ತದೆ. ಆ ಬೆಳಗ್ಗೆ ಐದೂ ಗುಂಡುಗಳನ್ನು ಒಂದೇ ಕಡೆ ಕೂರಿಸಿದ ಹುಡುಗಿ ಮುಂದೇನು ಮಾಡಬೇಕು, ಯಾರನ್ನು ಕೇಳಬೇಕು, ಮುಂದಿನ ಗುಂಡನ್ನು ಎಲ್ಲಿ, ಯಾವಾಗ ಹೊಡೆಯಬೇಕು ಎಂಬುದಕ್ಕೆ ನಮ್ಮ ಶಾಲೆಗಳಲ್ಲಿ ಸಿದ್ಧ ಉತ್ತರವಿಲ್ಲ. ಆ ಉತ್ತರ ಎಲ್ಲೆಲ್ಲಿ ಇದೆ, ಎಲ್ಲಿ ಕಡಿದುಹೋಗಿದೆ ಎಂದು ನೋಡುವುದೇ ಈ ಬರಹದ ಉದ್ದೇಶ.

ಭಾರತದಲ್ಲಿ ಹದಿಮೂರು, ಹದಿನಾಲ್ಕು ವರ್ಷದ ಮಗು ಕಾನೂನುಬದ್ಧವಾಗಿ ಬಂದೂಕು ಮುಟ್ಟುವುದು ಸುಲಭದ ಮಾತಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ 21 ವರ್ಷ ತುಂಬದವರಿಗೆ ಸಾಮಾನ್ಯವಾಗಿ ಸ್ವಂತ ಬಂದೂಕಿನ ಲೈಸೆನ್ಸ್ ಇಲ್ಲ. ಕ್ರೀಡಾ ತರಬೇತಿಗೆ ಮಾತ್ರ, ಮೇಲ್ವಿಚಾರಣೆಯಲ್ಲಿ, ನಿಯಮಗಳು ಅವಕಾಶ ಕೊಡುತ್ತವೆ. ಅದೇ ಕಾಯ್ದೆಯ 45ನೆಯ ಕಲಮು ಕೆಲವರನ್ನು ಅದರ ವ್ಯಾಪ್ತಿಯಿಂದ ಹೊರಗಿಡುತ್ತದೆ. ಕರ್ತವ್ಯದಲ್ಲಿರುವ ಸರ್ಕಾರಿ ನೌಕರರು, ಟೆರಿಟೋರಿಯಲ್ ಆರ್ಮಿಯವರು ಇರುವ ಆ ಪಟ್ಟಿಯಲ್ಲಿ ಎನ್‌ಸಿಸಿ ಕೆಡೆಟ್ ಕೂಡ ಇದ್ದಾನೆ. ಬಡವರ ಮನೆಯ, ಹಳ್ಳಿ ಶಾಲೆಯ ಮಗುವೊಂದು ಲೈಸೆನ್ಸಿಗೆ ಅಲೆಯದೆ, ಕಾಸು ಕೊಡದೆ ನಿಜವಾದ ರೈಫಲ್ ಹಿಡಿಯಲು ಈ ದೇಶದಲ್ಲಿ ಇರುವ ಹೆಬ್ಬಾಗಿಲು ಎಂದರೆ ಇದೇ. 1948ರ ಕಾಯ್ದೆಯಿಂದ ಹುಟ್ಟಿದ ಎನ್‌ಸಿಸಿಯಲ್ಲಿ ಈಗ ಹದಿನೈದು ಲಕ್ಷಕ್ಕೂ ಮಿಕ್ಕಿ ಕೆಡೆಟ್‌ಗಳಿದ್ದಾರೆ. ಇಷ್ಟು ದೊಡ್ಡ ಬಾಗಿಲು ಬೇರೆ ಯಾವ ಕ್ರೀಡಾ ಸಂಸ್ಥೆಗೂ ಇಲ್ಲ.

ಆ ಬಾಗಿಲಲ್ಲಿ ಕಲಿಸುವುದೂ ಕಡಿಮೆಯದೇನಲ್ಲ. ರೈಫಲ್ ಕೈಗೆ ಬಂದೊಡನೆ ಬೋಲ್ಟ್ ತೆರೆದು ಖಾಲಿ ಇದೆಯೇ ಎಂದು ನೋಡುವುದು, ನಳಿಗೆಯ ಬಾಯಿ ಸದಾ ಗುರಿಗಳ ಕಡೆಗೇ ಇರುವುದು, ಅಪ್ಪಣೆ ಇಲ್ಲದೆ ಗುಂಡು ತುಂಬದಿರುವುದು, ಇವು ಮೊದಲ ಪಾಠಗಳು. "ಜಾಂಚ್ ಶಸ್ತ್ರ", "ಬೋಲ್ಟ್ ಚಲಾವ್" ಎಂಬ ಹಿಂದಿ ಅಪ್ಪಣೆಗಳು ಅರ್ಥವಾಗುವ ಮೊದಲೇ ಮಕ್ಕಳ ಕೈಗೆ ಅಭ್ಯಾಸವಾಗುತ್ತವೆ. ಆಮೇಲೆ ಹಿಡಿತ, ಗುರಿ, ಉಸಿರು, ಟ್ರಿಗರ್. ನನಗೆ ಎಲ್ಲಕ್ಕಿಂತ ಒಳ್ಳೆಯದೆನಿಸುವ ಪಾಠ ಗ್ರೂಪಿಂಗ್. ಕೆಡೆಟ್‌ಗೆ ಮೊದಲು ಕೇಳುವುದು ಗುಂಡುಗಳು ಗುರಿಯ ನಡುವೆ ಬಿದ್ದವೇ ಎಂದಲ್ಲ, ಒಂದರ ಹತ್ತಿರ ಒಂದು ಬಿದ್ದವೇ ಎಂದು. ಐದು ತೂತುಗಳೂ ಎಡಗಡೆಯ ಮೂಲೆಯಲ್ಲಿ ಒತ್ತಾಗಿದ್ದರೆ ಹುಡುಗ ಸರಿಯಾಗಿದ್ದಾನೆ, ಸೈಟ್ ತಿದ್ದಿದರೆ ಸಾಕು. ಒಂದು ನಡುವೆ, ಉಳಿದವು ದಿಕ್ಕಿಗೊಂದು ಬಿದ್ದಿದ್ದರೆ ನಡುವೆ ಬಿದ್ದದ್ದು ಅದೃಷ್ಟ. ಅದೃಷ್ಟಕ್ಕೂ ಕೌಶಲಕ್ಕೂ ಇರುವ ವ್ಯತ್ಯಾಸವನ್ನು ಹದಿನಾಲ್ಕು ವರ್ಷದ ಮಗುವಿನ ಕಣ್ಣೆದುರಿಗೆ, ಕಾಗದದ ಮೇಲೆ ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಶಾಲಾ ಪಾಠ ನನಗೆ ಗೊತ್ತಿಲ್ಲ.

ಗ್ರೂಪ್ ಒತ್ತಾಗಿ ಬಿದ್ದ ಕೆಡೆಟ್‌ಗೆ ಮೇಲೆ ಹೋಗಲು ಎನ್‌ಸಿಸಿಯೊಳಗೆ ಮೆಟ್ಟಿಲುಗಳಿವೆ. ಘಟಕ, ಗ್ರೂಪ್, ನಿರ್ದೇಶನಾಲಯ ಎಂದು ಆಯ್ಕೆ ಸಾಗಿ ದಿಲ್ಲಿಯ ಥಲ್ ಸೈನಿಕ್ ಕ್ಯಾಂಪ್ ತಲುಪಬಹುದು. ಅಲ್ಲಿ ನಕ್ಷೆ ಓದುವುದು, ಅಡೆತಡೆ ದಾಟುವುದರ ಜೊತೆಗೆ ಗುರಿ ಹೊಡೆಯುವುದೂ ಸ್ಪರ್ಧೆಯ ಭಾಗ. ಇನ್ನೊಂದು ದಾರಿ ಅಂತರ ನಿರ್ದೇಶನಾಲಯ ಶೂಟಿಂಗ್ ಸ್ಪರ್ಧೆಯದು. ಕರ್ನಾಟಕ ಮತ್ತು ಗೋವಾ ಸೇರಿ ಒಂದು ನಿರ್ದೇಶನಾಲಯ. ದೇಶದಲ್ಲಿ ಅಂಥವು ಹದಿನೇಳು. ಅಲ್ಲಿ ಮಿಂಚಿದವರನ್ನು ಎನ್‌ಸಿಸಿ ತಂಡವಾಗಿ ಅಖಿಲ ಭಾರತ ಜಿ.ವಿ. ಮಾವಳಂಕರ್ ಶೂಟಿಂಗ್ ಚಾಂಪಿಯನ್‌ಶಿಪ್‌ಗೆ ಕಳಿಸುತ್ತಾರೆ. ಅದರಲ್ಲಿ ನಿಗದಿತ ಅಂಕ ಗಳಿಸಿದವರಿಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ದಾರಿ ತೆರೆಯುತ್ತದೆ. ಲೋಕಸಭೆಯ ಮೊದಲ ಸ್ಪೀಕರ್ ಗಣೇಶ ವಾಸುದೇವ ಮಾವಳಂಕರರೇ 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಘ ಕಟ್ಟಿದವರು. ಶಿಕಾರಿಯ ಮೋಜಾಗಿ ಅರಮನೆಗಳಲ್ಲೇ ಉಳಿದಿದ್ದ ಬಂದೂಕನ್ನು ಸಾರ್ವಜನಿಕ ಕ್ರೀಡೆಯ ಅಂಗಳಕ್ಕೆ ತಂದ ಕೆಲಸದಲ್ಲಿ ಅವರ ಪಾಲು ದೊಡ್ಡದು. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್ 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಟ್ರ್ಯಾಪ್ ಬೆಳ್ಳಿ ಗೆದ್ದದ್ದು ಆ ಹಳೆಯ ಕಾಲದ ಹಿರಿಮೆ. ಎನ್‌ಸಿಸಿಯ ದಾರಿಯ ಬೆಲೆ ಬೇರೆಯದು: ಅರಮನೆಯಿಲ್ಲದವರಿಗೂ ಅದು ತೆರೆದಿದೆ.

ಹಾಗಾದರೆ ಕೊಂಡಿ ಕಡಿದಿರುವುದು ಎಲ್ಲಿ? ನನ್ನ ಮಟ್ಟಿಗೆ ಉತ್ತರ ಅಂತರದಲ್ಲಿ, ಭಂಗಿಯಲ್ಲಿ, ಸೈಟಿನಲ್ಲಿ ಇದೆ. ಕೆಡೆಟ್ ಕಲಿಯುವುದು 25 ಗಜದ ಸಣ್ಣ ರೇಂಜಿನಲ್ಲಿ, ಮಲಗಿಕೊಂಡು, ಸೇನೆಯ ಮಾದರಿಯ .22 ರೈಫಲ್‌ನಿಂದ. ಇಂದು ಜಗತ್ತಿನಲ್ಲಿ ಹದಿಹರೆಯದ ಮಕ್ಕಳು ರೈಫಲ್ ಕ್ರೀಡೆಗೆ ಕಾಲಿಡುವುದು 10 ಮೀಟರ್ ಏರ್ ರೈಫಲ್‌ನಿಂದ, ನಿಂತುಕೊಂಡು, ಕಣ್ಣಿಗೆ ಹತ್ತಿರದ ಸಣ್ಣ ರಂಧ್ರದ ಪೀಪ್ ಸೈಟಿನ ಮೂಲಕ. ಗುರಿಹಾಳೆಯ ಮೇಲಿನ ವೃತ್ತದ ವ್ಯಾಸ 45.5 ಮಿಲಿಮೀಟರ್, ಅದರಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್, ಪೆನ್ಸಿಲ್ ತುದಿ ತಾಗಿಸಿದಷ್ಟು. ರೈಫಲ್ ಐದೂವರೆ ಕಿಲೋ ಮೀರುವಂತಿಲ್ಲ. 75 ನಿಮಿಷದಲ್ಲಿ 60 ಹೊಡೆತ; ಪ್ರತಿ ಹೊಡೆತಕ್ಕೆ ಹೆಚ್ಚೆಂದರೆ 10.9. ಮಲಗಿದ ದೇಹಕ್ಕೆ ನೆಲದ ಆಸರೆ ಇದೆ. ನಿಂತ ದೇಹಕ್ಕೆ ಸ್ವಂತ ಎಲುಬುಗಳೇ ಆಸರೆ: ಎಡ ಮೊಣಕೈ ಸೊಂಟದ ಮೂಳೆಗೆ ಒರಗಬೇಕು, ಬೆನ್ನು ಸ್ವಲ್ಪ ಹಿಂದಕ್ಕೂ ಬಲಕ್ಕೂ ವಾಲಬೇಕು, ಸ್ನಾಯು ಬಿಗಿದರೆ ಗುರಿ ನಡುಗುತ್ತದೆ. ಇದನ್ನು ದೇಹಕ್ಕೆ ಒಗ್ಗಿಸಲು ಒಂದು ಬೆಳಗ್ಗೆಯ ಐದು ಗುಂಡು ಸಾಲದು. ದಿನವೂ ನಿಲ್ಲಬೇಕು, ಎಷ್ಟೋ ದಿನ ಪೆಲೆಟ್ ಇಲ್ಲದೆ ಬರೀ ಟ್ರಿಗರ್ ಎಳೆದು ಅಭ್ಯಾಸ ಮಾಡಬೇಕು. ಮಲಗಿ ಹೊಡೆಯುವ ಜಾಣ್ಮೆ ವ್ಯರ್ಥವೆಂದಲ್ಲ. 50 ಮೀಟರ್ ಮೂರು ಭಂಗಿಯ ಸ್ಪರ್ಧೆಯಲ್ಲಿ ಮಂಡಿಯೂರಿ, ಮಲಗಿ, ನಿಂತು ಹೊಡೆಯಬೇಕು. ಆದರೆ ಬರೀ ಮಲಗಿ ಹೊಡೆಯುವ 50 ಮೀಟರ್ ಪ್ರೋನ್ ಸ್ಪರ್ಧೆಯನ್ನು 2016ರ ರಿಯೋ ಆದ ಮೇಲೆ ಒಲಿಂಪಿಕ್ಸ್‌ನಿಂದ ತೆಗೆದುಬಿಟ್ಟರು. ಕೆಡೆಟ್ ಕಲಿತ ಪಾಠದ ನೇರ ಮುಂದುವರಿಕೆಗೆ ಈಗ ಒಲಿಂಪಿಕ್ ಶಿಖರವೇ ಇಲ್ಲ.

ಈ ಅಂತರವನ್ನು ದಾಟಿದವರು ಹೇಗೆ ದಾಟಿದರು? ಅಂಜಲಿ ಭಾಗವತ್ ಅವರನ್ನು ನೋಡಿ. ರೈಫಲ್ ಅವರ ಬದುಕಿಗೆ ಬಂದದ್ದು ಎನ್‌ಸಿಸಿಯಿಂದ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಫೈನಲ್ ತಲುಪಿದರು, 2002ರಲ್ಲಿ ವಿಶ್ವದ ಅಗ್ರಸ್ಥಾನಕ್ಕೆ ಏರಿದರು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ ಮುಂಬೈ ಕಡೆ ಬೆಳೆದ ಸುಮಾ ಶಿರೂರ್ 2004ರ ಏಷ್ಯನ್ ಚಾಂಪಿಯನ್‌ಶಿಪ್‌ನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಹೊಡೆದು ವಿಶ್ವದಾಖಲೆ ಸರಿಗಟ್ಟಿದರು. ಇಬ್ಬರ ಕಥೆಯಲ್ಲೂ ಪ್ರತಿಭೆಯಷ್ಟೇ ಮುಖ್ಯವಾದ ಒಂದು ಸಂಗತಿ ಇದೆ: ಮುಂಬೈಯ ವರ್ಲಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜ್ ಇತ್ತು, ಅಲ್ಲಿ ಸಂಜಯ್ ಚಕ್ರವರ್ತಿಯಂಥ ಗುರು ಇದ್ದರು, ಬಸ್ಸು ರೈಲು ಹಿಡಿದು ಅಲ್ಲಿಗೆ ಹೋಗಿಬರಬಹುದಿತ್ತು. ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ತಾಲೂಕಿನ ಹಳ್ಳಿಯಿಂದ ಬಂದ, ಶಾಲಾ ಶಿಕ್ಷಕರ ಮಗ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್‌ನಲ್ಲಿ 50 ಮೀಟರ್ ಮೂರು ಭಂಗಿಯಲ್ಲಿ ಕಂಚು ಗೆದ್ದರಲ್ಲ, ಅವರನ್ನು ಶಾಲಾ ವಯಸ್ಸಿನಲ್ಲೇ ಕೈಹಿಡಿದದ್ದು ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿ. ನಮ್ಮ ಬೆಳಗಾವಿ ಗಡಿಯಿಂದ ದೂರವೇನಿಲ್ಲ ಆ ಊರು. ಆದರೆ ಗಡಿಯ ಈಚೆ ಹುಟ್ಟಿದ್ದರೆ ಅವರನ್ನು ಯಾವ ವ್ಯವಸ್ಥೆ ಹುಡುಕಿ ತೆಗೆಯುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಕರ್ನಾಟಕದಲ್ಲಿ ಈ ಕ್ರೀಡೆಯಲ್ಲಿ ಎತ್ತರಕ್ಕೆ ಏರಿದ ಹೆಸರು ಬೆಂಗಳೂರಿನ ಪಿ.ಎನ್. ಪ್ರಕಾಶ್, ದೇಶಕ್ಕೆಲ್ಲ ಪ್ರಕಾಶ್ ನಂಜಪ್ಪ. 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪಿಸ್ತೂಲಿನಲ್ಲಿ ಬೆಳ್ಳಿ, 2016ರಲ್ಲಿ ಒಲಿಂಪಿಕ್ಸ್. ಅವರ ತಂದೆಯೇ ಶೂಟರ್ ಆಗಿದ್ದವರು. ಪಿಸ್ತೂಲಿನ ಮಾತು ಮನೆಯಲ್ಲೇ ಇತ್ತು. ಅಂಥ ಮನೆಯಿಲ್ಲದ ಮಗುವಿಗೆ ಶಾಲೆಯೇ ಮನೆಯಾಗಬೇಕು. ಹಾಗಾಗಲು ಅನುಕೂಲ ಇರುವ ಶಾಲೆಗಳು ನಮ್ಮಲ್ಲಿ ಇಲ್ಲದಿಲ್ಲ. ವಿಜಯಪುರದ ಸೈನಿಕ ಶಾಲೆ 1963ರದು, ಕೊಡಗಿನ ಕೂಡಿಗೆಯದು 2007ರದು. ಬೆಳಗಾವಿ, ಬೆಂಗಳೂರುಗಳಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆಗಳಿವೆ. ವಿದ್ಯಾರ್ಥಿಯನ್ನು ಕೆಡೆಟ್ ಎಂದೇ ಕರೆಯುವ, ಮಕ್ಕಳು ಅಲ್ಲೇ ಉಳಿದು ಓದುವ ಶಾಲೆಗಳಿವು. ಸಂಜೆಯ ಆಟದ ಹೊತ್ತು, ಬೀಗ ಹಾಕಿದ ಶಸ್ತ್ರಾಗಾರ, ಲೆಕ್ಕ ಇಡಲು ಬಲ್ಲ ಸಿಬ್ಬಂದಿ, ಈ ಮೂರೂ ಒಂದೇ ಆವರಣದಲ್ಲಿ ಸಿಗುವುದು ಇಂಥಲ್ಲಿ ಮಾತ್ರ. ರಾಜ್ಯದ ಕೆಡೆಟ್ ಶೂಟಿಂಗಿಗೆ ಬೇರು ಇಳಿಯಬೇಕಾದರೆ ಇಲ್ಲೇ ಮೊದಲು ಇಳಿಯಬೇಕು.

ಕೊಡಗಿನ ಮಾತು ಬಂದ ಮೇಲೆ ಒಂದು ವಿಷಯ ಹೇಳಲೇಬೇಕು. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಎಂಬ ಹಳೆಯ ಪದ್ಧತಿಯ ಭೂಹಿಡುವಳಿದಾರರಿಗೂ ಬಂದೂಕು ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೊಡವರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆಯಾಗುತ್ತದೆ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಬಂದೂಕನ್ನು ಭಯದಿಂದಲ್ಲ, ಗೌರವದಿಂದ ನೋಡುವ ಸಂಸ್ಕಾರ ಅಲ್ಲಿ ಮನೆಮನೆಯಲ್ಲಿದೆ. ಅದೇ ನೆಲದಲ್ಲಿ 1997ರಿಂದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುತ್ತಿದೆ. ನೂರಾರು ಮನೆತನಗಳು ತಂಡ ಕಟ್ಟಿ ಆಡುವ ಆ ಹಬ್ಬ ಹಾಕಿಯನ್ನು ಮನೆಯ ಮಾತಾಗಿ ಉಳಿಸಿತು. ಕೋವಿಗೆ ಹಬ್ಬವಿದೆ, ಆದರೆ 10 ಮೀಟರಿನ ಅಭ್ಯಾಸಕ್ಕೆ ಬೇಕಾದ ದಿನಚರಿ ಹಬ್ಬದಿಂದ ಬರುವುದಿಲ್ಲ.

ಈ ದಿನಚರಿಯನ್ನು ಶಾಲೆಯೊಳಗೆ ಕಟ್ಟಿದ ದೇಶ ಅಮೆರಿಕ. ನಮ್ಮ ಎನ್‌ಸಿಸಿಯಂಥ ಅಲ್ಲಿನ ಶಾಲಾ ಕೆಡೆಟ್ ವ್ಯವಸ್ಥೆ ಜೂನಿಯರ್ ಆರ್‌ಒಟಿಸಿ ಹುಟ್ಟಿದ್ದು 1916ರಲ್ಲಿ. ಇಂದು ಮೂರು ಸಾವಿರಕ್ಕೂ ಹೆಚ್ಚು ಹೈಸ್ಕೂಲುಗಳಲ್ಲಿ ಇದೆ. ಅದರ ಶೂಟಿಂಗ್ ಸ್ಪರ್ಧೆಗಳನ್ನು ನಡೆಸುವುದು ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಸಂಸ್ಥೆ. ಮಕ್ಕಳ ಕೈಗೆ ಅವರು ಕೊಡುವುದು .22 ಅಲ್ಲ, ಏರ್ ರೈಫಲ್. 10 ಮೀಟರ್ ಅಂತರ. ಮಲಗಿ, ನಿಂತು, ಮಂಡಿಯೂರಿ ಮೂರೂ ಭಂಗಿ. ಇದರಲ್ಲಿ ಎರಡು ಪಂಗಡ. ಪ್ರಿಸಿಷನ್ ಪಂಗಡದಲ್ಲಿ ಒಲಿಂಪಿಕ್ ಮಟ್ಟದ ದುಬಾರಿ ರೈಫಲ್, ಗಡುಸಾದ ಜಾಕೆಟ್, ಪ್ಯಾಂಟ್. ಸ್ಪೋರ್ಟರ್ ಪಂಗಡದಲ್ಲಿ ಒಪ್ಪಿತ ಪಟ್ಟಿಯ ಸಾಧಾರಣ ರೈಫಲ್ ಮಾತ್ರ, ಅದರ ಬೆಲೆಗೂ ತೂಕಕ್ಕೂ ಮಿತಿ ಇದೆ, ಶೂಟಿಂಗ್ ಜಾಕೆಟ್ ತೊಡುವಂತಿಲ್ಲ. ಹಣವಿದ್ದ ಶಾಲೆ ಹಣವಿಲ್ಲದ ಶಾಲೆಯನ್ನು ಸಲಕರಣೆಯಿಂದ ಸೋಲಿಸಲಾಗದಂತೆ ಕಟ್ಟಿದ ಪಂಗಡವದು. ಒಂದು ಮಕ್ಕಳ ಕ್ರೀಡೆಯ ನಿಯಮಾವಳಿಯಲ್ಲಿ ಇಷ್ಟು ನ್ಯಾಯದೃಷ್ಟಿ ಕಂಡಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ.

ಅವರ ಇನ್ನೊಂದು ಉಪಾಯ ಅಂಚೆ ಸ್ಪರ್ಧೆ. ಸ್ಪರ್ಧೆಯ ಗುರಿಹಾಳೆಗಳು ಶಾಲೆಗೆ ಅಂಚೆಯಲ್ಲಿ ಬರುತ್ತವೆ. ಮಕ್ಕಳು ತಮ್ಮದೇ ರೇಂಜಿನಲ್ಲಿ ಮೇಷ್ಟರ ಕಣ್ಣೆದುರು ಹೊಡೆಯುತ್ತಾರೆ, ಹಾಳೆಗಳು ಮರಳಿ ಹೋಗುತ್ತವೆ, ಅಂಕ ಅಲ್ಲಿ ನಿರ್ಧಾರವಾಗುತ್ತದೆ. ಊರು ಬಿಟ್ಟು ಹೋಗುವ ಖರ್ಚಿಲ್ಲದೆ ಮೂಲೆಯ ಶಾಲೆಯೊಂದು ಇಡೀ ದೇಶದೊಡನೆ ಪೈಪೋಟಿ ಮಾಡಬಹುದು. ಅಲ್ಲಿ ಮೇಲೆ ಬಂದ ತಂಡಗಳು ಮುಂದಿನ ಹಂತಕ್ಕೆ ಓಹಾಯೋದ ಕ್ಯಾಂಪ್ ಪೆರಿ, ಅಲಬಾಮಾದ ಆನಿಸ್ಟನ್‌ಗಳಲ್ಲಿರುವ 80 ಎಲೆಕ್ಟ್ರಾನಿಕ್ ಗುರಿಗಳ ಒಳಾಂಗಣಗಳಿಗೆ ಹೋಗುತ್ತವೆ. ಹೈಸ್ಕೂಲು ಮುಗಿದ ಮೇಲೂ ದಾರಿ ನಿಲ್ಲುವುದಿಲ್ಲ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ರೈಫಲ್ ಕ್ರೀಡೆಗೆ ವಿದ್ಯಾರ್ಥಿವೇತನವಿದೆ. ಹುಡುಗರು, ಹುಡುಗಿಯರು ಒಂದೇ ತಂಡದಲ್ಲಿ ನಿಲ್ಲುತ್ತಾರೆ. 2010ರಲ್ಲಿ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ ಬರೀ ಹುಡುಗಿಯರ ತಂಡ ಕಟ್ಟಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಬ್ರಿಟನ್ನಿನದು ಬೇರೆ ಜಾಡು: 1861ರಲ್ಲಿ ಆರಂಭವಾದ ಆ್ಯಶ್‌ಬರ್ಟನ್ ಶೀಲ್ಡ್‌ಗಾಗಿ ಶಾಲಾ ಕೆಡೆಟ್‌ಗಳು ಇಂದಿಗೂ ಬಿಸ್ಲಿಯ ಬಯಲಿನಲ್ಲಿ ದೊಡ್ಡ ರೈಫಲ್ ಹಿಡಿಯುತ್ತಾರೆ. ಚಂದದ ಪರಂಪರೆ. ಆದರೆ ಹಳೆಯ ಶಾಲೆ, ವಿಶಾಲ ಬಯಲು, ಬೇಕಾದಷ್ಟು ಮದ್ದುಗುಂಡು ಇದ್ದವರಿಗೆ ಹೊಂದುವಂಥದ್ದು. ನಮ್ಮ ಸರ್ಕಾರಿ ಪ್ರೌಢಶಾಲೆಗೆ ಅದರಿಂದ ಕಲಿಯಲು ಹೆಚ್ಚೇನಿಲ್ಲ.

ಅಮೆರಿಕವನ್ನು ಹೊಗಳಿ ಅಲ್ಲಿಗೆ ನಿಲ್ಲಿಸಿದರೆ ಅದು ಅರ್ಧ ಸತ್ಯ. 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡಿನ ಹೈಸ್ಕೂಲಿನಲ್ಲಿ 17 ಮಂದಿಯನ್ನು ಕೊಂದವನು ಹಿಂದೆ ಅದೇ ಶಾಲೆಯ ಜೂನಿಯರ್ ಆರ್‌ಒಟಿಸಿ ಶೂಟಿಂಗ್ ತಂಡದಲ್ಲಿದ್ದವನು. ಆ ತಂಡಕ್ಕೆ ಬಂದೂಕು ಪರ ವಕಾಲತ್ತು ನಡೆಸುವ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಪ್ರತಿಷ್ಠಾನ ಹಣ ಕೊಟ್ಟಿತ್ತು. ಸತ್ತವರಲ್ಲಿ ಮೂವರು ಅದೇ ಜೂನಿಯರ್ ಆರ್‌ಒಟಿಸಿಯ ಕೆಡೆಟ್‌ಗಳು. ಆಮೇಲೆ ಕೆಲವು ಶಾಲಾ ಜಿಲ್ಲೆಗಳು ಆ ಹಣವನ್ನು ಬೇಡವೆಂದವು. ಮಕ್ಕಳ ಕೈಗೆ ಬಂದೂಕು ಏಕೆ ಎಂದು ನಮ್ಮ ತಾಯಂದಿರು ಕೇಳಿದರೆ ಅದು ತಿಳಿಯದೆ ಕೇಳುವ ಪ್ರಶ್ನೆಯಲ್ಲ. ಎದುರಿಗೆ ಕೂತು ಉತ್ತರ ಕೊಡಬೇಕಾದ ಪ್ರಶ್ನೆ. ಆ ಹತ್ಯೆಗೆ ಬಳಸಿದ್ದು ಶಾಲೆಯ ಏರ್ ರೈಫಲ್ ಅಲ್ಲ, ಹತ್ತೊಂಬತ್ತರ ಹುಡುಗ ಅಲ್ಲಿನ ಕಾನೂನಿನಂತೆ ಸ್ವತಃ ಕೊಂಡುಕೊಂಡ ಬಂದೂಕು. ನಮ್ಮ ಕಾನೂನು ಅದಕ್ಕೆ ಎಡೆಗೊಡುವುದಿಲ್ಲ. ಆದರೂ ಎರಡು ವಿಷಯದಲ್ಲಿ ಸಡಿಲ ಬಿಡಬಾರದು ಎಂಬುದು ನನ್ನ ನಿಲುವು. ಶಾಲೆಯ ರೈಫಲ್‌ಗೆ ಬೀಗ, ಪೆಲೆಟ್‌ಗೆ ಬೇರೆ ಬೀಗ, ಎರಡರ ಕೀಲಿಯೂ ಒಬ್ಬರ ಬಳಿ ಇರಕೂಡದು. ಇನ್ನೊಂದು, ಮಗುವಿನ ನಡವಳಿಕೆಯಲ್ಲಿ ಕಳವಳದ ಲಕ್ಷಣ ಕಂಡರೆ ಅವನನ್ನು ರೇಂಜಿನಿಂದ ಹೊರಗಿಡುವ ಅಧಿಕಾರ ಎನ್‌ಸಿಸಿ ಮೇಷ್ಟರಿಗೆ ಇರಬೇಕು, ಆ ಅಧಿಕಾರ ಬಳಸಿದಾಗ ಮುಖ್ಯೋಪಾಧ್ಯಾಯರು ಅವರ ಬೆನ್ನಿಗೆ ನಿಲ್ಲಬೇಕು. ಯಾರೂ ಹೆಚ್ಚು ಮಾತಾಡದ ಅಪಾಯ ಇನ್ನೊಂದಿದೆ: ಪೆಲೆಟ್ ಸೀಸದ್ದು. ಹೊಡೆದಾದ ಮೇಲೆ ಕೈ ತೊಳೆಯದೆ ತಿಂಡಿ ಮುಟ್ಟಬಾರದು, ರೇಂಜಿನ ನೆಲವನ್ನು ಪೊರಕೆಯಿಂದ ಒಣಗುಡಿಸಬಾರದು.

ಎನ್‌ಸಿಸಿಯ ಹೊರಗೂ ಕೆಡೆಟ್‌ಗೆ ದಾರಿಗಳಿವೆ. ಶಾಲಾ ಕ್ರೀಡಾ ಒಕ್ಕೂಟದ ಕೂಟಗಳಲ್ಲಿ ಏರ್ ರೈಫಲ್, ಏರ್ ಪಿಸ್ತೂಲ್ ಇವೆ. 2018ರಲ್ಲಿ ಶುರುವಾದ ಖೇಲೋ ಇಂಡಿಯಾ ಕೂಟದಲ್ಲೂ ಶೂಟಿಂಗ್ ಇದೆ. ರಾಜ್ಯ ರೈಫಲ್ ಸಂಘದ ಸದಸ್ಯತ್ವ ಪಡೆದು ರಾಜ್ಯ ಚಾಂಪಿಯನ್‌ಶಿಪ್‌ಗೆ ಇಳಿಯಬಹುದು. ಸಿಇಟಿ ಪ್ರವೇಶದಲ್ಲಿ ಎನ್‌ಸಿಸಿಗೂ ಕ್ರೀಡೆಗೂ ಮೀಸಲು ಸೀಟುಗಳಿರುವುದರಿಂದ ಪೋಷಕರು ಇವನ್ನು ವಿಚಾರಿಸುತ್ತಾರೆ. ಸೀಟಿನ ಆಸೆಯಿಂದ ಬಂದ ಮಗುವೂ ರೇಂಜಿನಲ್ಲಿ ಉಳಿಯಬಹುದು, ಅದರಲ್ಲಿ ತಪ್ಪೇನೂ ಇಲ್ಲ. ತೊಡಕು ಇರುವುದು ಹಣದಲ್ಲಿ. ಅಂತರರಾಷ್ಟ್ರೀಯ ಮಟ್ಟದ ಜರ್ಮನ್ ಏರ್ ರೈಫಲ್ ಒಂದರ ಬೆಲೆ ಎರಡು ಲಕ್ಷ ರೂಪಾಯಿ ದಾಟುತ್ತದೆ, ಜಾಕೆಟ್, ಬೂಟು ಬೇರೆ. ಇದನ್ನು ಕೇಳಿದೊಡನೆ ಹಳ್ಳಿಯ ತಂದೆ ಎದ್ದು ಹೋಗುತ್ತಾನೆ, ಹೋಗುವುದು ಸಹಜ. ಆದರೆ ಮೊದಲ ಎರಡು ವರ್ಷಕ್ಕೆ ಆ ರೈಫಲ್ ಬೇಕಿಲ್ಲ. ನಮ್ಮ ದೇಶದಲ್ಲೇ ತಯಾರಾಗುವ, ಅದರ ಒಂದು ಪಾಲಿನ ಬೆಲೆಗೆ ಸಿಗುವ ಏರ್ ರೈಫಲ್‌ಗಳಿವೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಅಳತೆಯ, 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸೂ ಬೇಡ. ಎರಡು ರೈಫಲ್ ಇದ್ದರೆ ಸರದಿಯ ಮೇಲೆ ಹತ್ತು ಹನ್ನೆರಡು ಮಕ್ಕಳು ಅಭ್ಯಾಸ ಮಾಡಬಹುದು. ಜಾಗವೂ ದೊಡ್ಡದಲ್ಲ: ಹದಿನೈದು ಮೀಟರ್ ಉದ್ದದ, ಹಿಂದೆ ಗಟ್ಟಿ ಗೋಡೆಯೂ ಪೆಲೆಟ್ ತಡೆಯುವ ತಗಡಿನ ಪೆಟ್ಟಿಗೆಯೂ ಇರುವ, ಬದಿಯಿಂದ ಯಾರೂ ನುಗ್ಗಲಾಗದ ಒಂದು ಉದ್ದನೆಯ ಕೋಣೆ. ಎಷ್ಟೋ ಶಾಲೆಗಳಲ್ಲಿ ಮುರಿದ ಬೆಂಚು ತುಂಬಿಟ್ಟ ಅಂಥ ಕೋಣೆ ಇದ್ದೇ ಇರುತ್ತದೆ.

ಹೊತ್ತಿನ ಲೆಕ್ಕವನ್ನೂ ಮರೆಯಬಾರದು. ಪ್ರೌಢಶಾಲೆಯ ಕೆಡೆಟ್‌ಗೆ ಸಿಗುವುದು ಎರಡು ವರ್ಷ. ಅದರ ಕೊನೆಗೆ 'ಎ' ಸರ್ಟಿಫಿಕೇಟ್ ಪರೀಕ್ಷೆ, ಪಕ್ಕದಲ್ಲೇ ಎಸ್ಸೆಸ್ಸೆಲ್ಸಿ. ಅದಾದ ಮೇಲೆ ಶಾಲೆ ಬದಲು, ಘಟಕ ಬದಲು, ಮೇಷ್ಟರು ಬದಲು. ಒಂಬತ್ತನೆಯ ತರಗತಿಯ ಕ್ಯಾಂಪಿನಲ್ಲಿ ಕೆಡೆಟ್ ಹುಡುಗಿಯೊಬ್ಬಳ ಐದು ಗುಂಡು ಎಷ್ಟು ಒತ್ತಾಗಿ ಬಿದ್ದಿದ್ದವು ಎಂಬ ಮಾಹಿತಿ ಅವಳ ಜೊತೆ ಮುಂದಿನ ಕಾಲೇಜಿಗೆ ಹೋಗುವುದಿಲ್ಲ. ಪ್ರತಿ ವರ್ಷ ರಾಜ್ಯದ ಸಾವಿರಾರು ಮಕ್ಕಳು ಒಂದೇ ಬಗೆಯ ರೈಫಲ್‌ನಿಂದ, ಒಂದೇ ಅಂತರದಿಂದ, ಒಂದೇ ಬಗೆಯ ಹಾಳೆಗೆ ಹೊಡೆಯುತ್ತಾರೆ. ಪ್ರತಿಭೆ ಹುಡುಕಲು ಇದಕ್ಕಿಂತ ದೊಡ್ಡ, ಇದಕ್ಕಿಂತ ಅಗ್ಗದ ಪರೀಕ್ಷೆಯನ್ನು ಯಾವ ಅಕಾಡೆಮಿಯೂ ನಡೆಸಲಾರದು. ಆ ಗ್ರೂಪಿನ ಅಳತೆಯನ್ನು ಸೆಂಟಿಮೀಟರಿನಲ್ಲಿ ಬರೆದು ಕೆಡೆಟ್ ದಾಖಲೆಗೆ ಸೇರಿಸಬೇಕು, ಪ್ರತಿ ಕ್ಯಾಂಪಿನ ಮೊದಲ ಹತ್ತು ಹೆಸರುಗಳನ್ನು ಜಿಲ್ಲೆಯ ಕ್ರೀಡಾ ಇಲಾಖೆಗೂ ರಾಜ್ಯ ರೈಫಲ್ ಸಂಘಕ್ಕೂ ಕಳಿಸಬೇಕು.

ಅದರ ಬೆನ್ನಿಗೇ ಅಂಚೆ ಸ್ಪರ್ಧೆಯನ್ನು ನಮ್ಮಲ್ಲೂ ಆರಂಭಿಸಬಹುದು. ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯದೊಳಗೆ ಏರ್ ರೈಫಲ್ ಇರುವ ಶಾಲೆಗಳು ಮೊದಮೊದಲು ಬೆರಳೆಣಿಕೆಯಷ್ಟೇ ಇರಲಿ. ನಾಲ್ಕು ಮಕ್ಕಳ ತಂಡ, ಹುಡುಗ ಹುಡುಗಿಯೆಂಬ ಭೇದವಿಲ್ಲದೆ, ಪಟ್ಟಿಯಲ್ಲಿರುವ ದೇಶಿ ರೈಫಲ್ ಮಾತ್ರ, ಜಾಕೆಟ್ ಇಲ್ಲ, ಅಂಕಿ ಹಾಕಿದ ಹಾಳೆಗಳು ನಿರ್ದೇಶನಾಲಯದಿಂದ ಬಂದು ಅಲ್ಲಿಗೇ ಮರಳಲಿ. ದಸರೆ ರಜೆ ಮುಗಿದ ಮೇಲೆ ಒಂದು ಸುತ್ತು, ಜನವರಿಯಲ್ಲಿ ಇನ್ನೊಂದು. ಪೂರ್ವಸಿದ್ಧತಾ ಪರೀಕ್ಷೆ ಕಾಲಿಡುವ ಮೊದಲು ಫಲಿತಾಂಶ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಇರುವಂತೆ ನೋಡಿಕೊಂಡರೆ ಸಾಕು.